ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಸೀಸನ್ ಯಾವುದು?

ಅಮೆರಿಕನ್ ಫುಟ್‌ಬಾಲ್ ಮಾತು ಬಂದಾಗಲೆಲ್ಲ ಗೆಳೆಯರು ನನ್ನನ್ನು ಕೇಳುವುದು ಇದನ್ನೇ: ಕಾಲೇಜು ತಂಡಗಳಲ್ಲಿ ಅತ್ಯುತ್ತಮ ಸೀಸನ್ ಯಾರದು? ಹಲವು ಸಲ ಚಾಂಪಿಯನ್ ಆದ ಅಲಬಾಮಾ ಅನ್ನುತ್ತೇನೆ ಅಂದುಕೊಂಡಿರುತ್ತಾರೆ. ನನ್ನ ಉತ್ತರ 1899ರ ಸಿವಾನಿ.

ಟೆನ್ನೆಸ್ಸೀ ರಾಜ್ಯದ ಬೆಟ್ಟದ ಮೇಲಿನ ಸಣ್ಣ ಊರು ಅದು. ಅಲ್ಲಿನ ಯೂನಿವರ್ಸಿಟಿ ಆಫ್ ದ ಸೌತ್ ತಂಡ ಆ ವರ್ಷ ಆಡಿದ 12 ಪಂದ್ಯಗಳನ್ನೂ ಗೆದ್ದಿತು. ಒಟ್ಟು 322 ಪಾಯಿಂಟ್ ಗಳಿಸಿ, ಬಿಟ್ಟುಕೊಟ್ಟದ್ದು ಬರೀ 10.

ಆದರೆ ನಾನು ಅವರನ್ನು ಮೆಚ್ಚುವುದು ನವೆಂಬರ್‌ನ ಆ ಆರು ದಿನಗಳಿಗಾಗಿ. ಅದೇ ರಾಜ್ಯದ ಎದುರಾಳಿ ವಿಶ್ವವಿದ್ಯಾಲಯ ವ್ಯಾಂಡರ್‌ಬಿಲ್ಟ್ ಜೊತೆ ಟಿಕೆಟ್ ದುಡ್ಡಿನ ಜಗಳವಾಗಿ ಆ ಪಂದ್ಯ ರದ್ದಾಗಿತ್ತು. ತಂಡಕ್ಕೆ ಹಣ ಬೇಕಿತ್ತು. ಮ್ಯಾನೇಜರ್ ಲ್ಯೂಕ್ ಲೀ ಇನ್ನೂ ವಿದ್ಯಾರ್ಥಿ. ಒಂದೇ ರೈಲು ಪ್ರವಾಸದಲ್ಲಿ ಐದು ಪಂದ್ಯ ಹೊಂದಿಸಿಬಿಟ್ಟ. 9ಕ್ಕೆ ಆಸ್ಟಿನ್‌ನಲ್ಲಿ ಟೆಕ್ಸಾಸ್, 10ಕ್ಕೆ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ, 11ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್. ಭಾನುವಾರ ಬಿಡುವು. 13ಕ್ಕೆ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ), 14ಕ್ಕೆ ಮೆಂಫಿಸ್‌ನಲ್ಲಿ ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯ. ಸುಮಾರು 2,500 ಮೈಲಿ ಪ್ರಯಾಣ. ಐದೂ ಪಂದ್ಯ ಸೇರಿ ಸಿವಾನಿಗೆ 91 ಪಾಯಿಂಟ್, ಎದುರಾಳಿಗಳಿಗೆ ಸೊನ್ನೆ!

ಆಗಿನ ಆಟ ಎಂಥದ್ದು ಅಂತಲೂ ನೋಡಬೇಕು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದೇ 1906ರಲ್ಲಿ. ಅಲ್ಲಿಯವರೆಗೆ ಗುಂಪಾಗಿ ನುಗ್ಗಿ, ಮೈಗೆ ಮೈ ಕೊಟ್ಟು ಜಾಗ ಗಳಿಸಬೇಕಿತ್ತು. ಅದೇ ಹುಡುಗರು ದಾಳಿಗೂ ಬೇಕು, ರಕ್ಷಣೆಗೂ ಬೇಕು. ಕಬಡ್ಡಿಯಲ್ಲಿ ಔಟಾದವನು ಮತ್ತೆ ಒಳಗೆ ಬರಬಹುದು. ಇಲ್ಲಿ ಹೊರಗೆ ಹೋದವನಿಗೆ ಆ ಪಂದ್ಯ ಮುಗಿದ ಹಾಗೆ. ಆ ಪ್ರವಾಸದ ಮೊದಲ ಪಂದ್ಯದಲ್ಲೇ ಸಿವಾನಿ ಕ್ಯಾಪ್ಟನ್ ಹೆನ್ರಿ ಸೀಬೆಲ್ಸ್ ತಲೆ ಒಡೆಯಿತು. ಆದರೂ ಆಡಿದ. ರಾತ್ರಿ ರೈಲು, ಹಗಲು ಮತ್ತೆ ಮೈದಾನ. ಆ ಮೈ ನೋವನ್ನು ಯೋಚಿಸಿದರೇ ನನಗೆ ಗೌರವ ಹುಟ್ಟುತ್ತದೆ.

"ಆ ಕಾಲದ ತಂಡಗಳು ಸುಮಾರಾಗಿದ್ದವು ಅಲ್ವಾ?" ಅಂತ ಮರುಪ್ರಶ್ನೆ ಬರುತ್ತದೆ. ಕೆಲವು ಹಾಗೇ ಇದ್ದವು. ಕಂಬರ್ಲ್ಯಾಂಡ್ ವಿರುದ್ಧದ 71–0 ಗೆಲುವನ್ನು ನಾನೂ ದೊಡ್ಡದಾಗಿ ಹೇಳುವುದಿಲ್ಲ. ಅದಕ್ಕಿಂತ ಆಬರ್ನ್ ವಿರುದ್ಧದ 11–10 ಮೇಲೆ ನನಗೆ ಅಭಿಮಾನ ಜಾಸ್ತಿ. ಆಬರ್ನ್ ಕೋಚ್ ಜಾನ್ ಹೈಸ್‌ಮನ್. ಇವತ್ತು ಕಾಲೇಜು ಆಟಗಾರರಿಗೆ ಸಿಗುವ ದೊಡ್ಡ ಪ್ರಶಸ್ತಿ ಇರುವುದು ಅವರದೇ ಹೆಸರಿನಲ್ಲಿ. ಇಡೀ ಸೀಸನ್ನಿನಲ್ಲಿ ಸಿವಾನಿ ಎದುರು ಪಾಯಿಂಟ್ ಗಳಿಸಿದ್ದು ಅವರ ತಂಡ ಮಾತ್ರ. ಒಂದೇ ಪಾಯಿಂಟಿನಲ್ಲಿ ಬಚಾವಾದ ಸಿವಾನಿ ಹುಡುಗರು, ಎರಡೇ ದಿನಕ್ಕೆ ಅಟ್ಲಾಂಟಾಕ್ಕೆ ಹೋಗಿ ನಾರ್ತ್ ಕ್ಯಾರೊಲಿನಾವನ್ನೂ 5–0 ಇಂದ ಸೋಲಿಸಿ ಸೀಸನ್ ಮುಗಿಸಿದರು.