ವಾಲ್ವ್ ಮುಚ್ಚಿದ ಮೇಲೆ ಶುರುವಾಗುವ ಕೆಲಸ

ಭೂಕಂಪದ ಅಪಾಯವಿರುವ ನಗರವೊಂದರ ನೈಸರ್ಗಿಕ ಅನಿಲ ಜಾಲದ ನಿಯಂತ್ರಣ ಕೊಠಡಿಗೆ ನಾನು ಸೇರಿದಾಗ, ನನ್ನ ಭಯವೆಲ್ಲ ದಾಸ್ತಾನು ಕೇಂದ್ರದ ದೊಡ್ಡ ತೊಟ್ಟಿಗಳ ಮೇಲಿತ್ತು. ಮೈನಸ್ 162 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿದು, ಸುಮಾರು 600ರಲ್ಲಿ ಒಂದು ಪಾಲಿಗೆ ಕುಗ್ಗಿದ ದ್ರವ ಅನಿಲ ಅಲ್ಲಿರುತ್ತದೆ. ಆದರೆ ಶೇ. 9ರಷ್ಟು ನಿಕ್ಕಲ್ ಬೆರೆತ ಉಕ್ಕಿನ ಒಳತೊಟ್ಟಿಯನ್ನೂ ಅದರ ಸುತ್ತಲಿನ ಕಾಂಕ್ರೀಟ್ ಗೋಡೆಯನ್ನೂ ಭೂಕಂಪವನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿರುತ್ತಾರೆ. ನಿಧಾನಗತಿಯ ಅಲೆಗಳಿಗೆ ದ್ರವ ತುಳುಕೀತೆಂದು ಮೇಲ್ಗಡೆ ಖಾಲಿ ಜಾಗವನ್ನೂ ಬಿಟ್ಟಿರುತ್ತಾರೆ. ನಿಜವಾಗಿ ಸೋಲುವುದು ಬೀದಿಯಡಿಯ ಕಡಿಮೆ ಒತ್ತಡದ ಹಳೆಯ ಕೊಳವೆ, ಅದರಲ್ಲೂ ತಿರುಪು ಹಾಕಿ ಜೋಡಿಸಿದ ಉಕ್ಕಿನ ಕೀಲು. 1995ರಲ್ಲಿ ಜಪಾನಿನ ಕೋಬೆ ನಗರದ ಭೂಕಂಪದಲ್ಲಿ ಅಂಥ ಕೀಲುಗಳು ಬಿಟ್ಟುಕೊಂಡವು. ಬಾಗುವ ಗುಣವಿರುವ ಪಾಲಿಎಥಿಲೀನ್ ಕೊಳವೆಗಳು ತಡೆದುಕೊಂಡವು.

ಒಂದು ರಾತ್ರಿ ನೆಲ ನಡುಗಿದಾಗ ನಾನು ಪಾಳಿಯಲ್ಲಿದ್ದೆ. ಜಾಲವನ್ನು ಹಂಚಿದ ಪ್ರದೇಶಗಳಲ್ಲಿ, ಅಂದರೆ ಬ್ಲಾಕುಗಳಲ್ಲಿ, ಒಂದರ ಕಂಪನ ಅಳೆಯುವ ಸಂವೇದಕ ಮಾತ್ರ ನಿಗದಿತ ಮಿತಿಯನ್ನು ದಾಟಿತ್ತು; ಪಕ್ಕದ ಎರಡು ಬ್ಲಾಕುಗಳ ಅಂಕಿ ಅದರಿಂದ ಬಹಳ ಕೆಳಗಿತ್ತು, ಅಲ್ಲಿ ಒತ್ತಡವೂ ಕುಸಿದಿರಲಿಲ್ಲ. ಆದರೂ ಗಾಬರಿಯಲ್ಲಿ ಮೂರಕ್ಕೂ ಸೇರಿದ ಮುಖ್ಯ ವಾಲ್ವನ್ನೇ ಮುಚ್ಚಿಸಿದೆ. ಆ ಕ್ಷಣಕ್ಕೆ ಅದು ಜಾಣತನವೆಂದೇ ಅನಿಸಿತ್ತು.

ಮುಚ್ಚಲು ಹಿಡಿದದ್ದು ಕೆಲವೇ ನಿಮಿಷ. ಮೂರೂ ಬ್ಲಾಕುಗಳಿಗೆ ಮತ್ತೆ ಅನಿಲ ಹರಿಸಲು ಹನ್ನೊಂದು ದಿನ ಬೇಕಾಯಿತು. ಒತ್ತಡ ಹೋದ ಕೊಳವೆಯೊಳಗೆ ಗಾಳಿ ಸೇರುತ್ತದೆ, ಗಾಳಿಯಲ್ಲಿ ಮೀಥೇನ್ ಸುಮಾರು ಶೇ. 5ರಿಂದ 15ರವರೆಗೆ ಬೆರೆತರೆ ಕಿಡಿಯೊಂದಕ್ಕೆ ಸ್ಫೋಟಿಸುತ್ತದೆ. ಆದ್ದರಿಂದ ಮೊದಲು ಪ್ರತಿ ಮನೆಯ ವಾಲ್ವನ್ನೂ ಮುಚ್ಚಿ, ಕೊಳವೆಯಲ್ಲಿ ಸೋರಿಕೆ ಹುಡುಕಿ, ಗಾಳಿಯನ್ನು ಹೊರಹಾಕಿ, ಒತ್ತಡ ಏರಿಸಿ, ಮತ್ತೆ ಅದೇ ಮನೆಗಳಿಗೆ ಹೋಗಿ ಒಲೆ ಉರಿಸಿ ನೋಡಬೇಕು. ಬಾಗಿಲು ಹಾಕಿದ್ದ ಮನೆಗಳಿಗೆ ಮೂರು ಮೂರು ಸಲ ಅಲೆದೆವು. ಪಕ್ಕದ ಆ ಎರಡು ಬ್ಲಾಕುಗಳಲ್ಲಿ ಕೊನೆಗೂ ಒಂದೇ ಒಂದು ಸೋರಿಕೆ ಸಿಗಲಿಲ್ಲ.

ಹಾಗೆಂದು ಕಾದು ನೋಡುವುದು ಸರಿ ಎಂದು ನಾನು ಹೇಳುತ್ತಿಲ್ಲ. ಕೋಬೆಯಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಅನಿಲ ನಿಂತು, ಪೂರ್ತಿ ಮರಳಲು ಸುಮಾರು ಮೂರು ತಿಂಗಳು ಹಿಡಿಯಿತು. ಒಡೆದ ಕೊಳವೆಗಳೊಳಗೆ ನೀರೂ ಮಣ್ಣೂ ನುಗ್ಗಿದ್ದು ವಿಳಂಬಕ್ಕೆ ಒಂದು ಕಾರಣ. ವಿದ್ಯುತ್ ಮರಳಿದಾಗ ಹೊತ್ತಿಕೊಂಡ ಬೆಂಕಿಗಳೂ ಅಲ್ಲಿ ದಾಖಲಾಗಿವೆ. ನಾನು ಕಲಿತದ್ದು, ಎಷ್ಟು ಬೇಗ ಮುಚ್ಚಬೇಕು ಎಂಬುದರಷ್ಟೇ ಎಲ್ಲಿಯವರೆಗೆ ಮುಚ್ಚಬೇಕು ಎಂಬುದನ್ನೂ ನೆಲ ನಡುಗುವ ಮೊದಲೇ ಬರೆದಿಟ್ಟಿರಬೇಕು ಎಂಬುದನ್ನು. ಕಂಪನ ಗ್ರಹಿಸಿ ತಾನಾಗಿ ಮುಚ್ಚಿಕೊಳ್ಳುವ ಮೀಟರ್ ಪ್ರತಿ ಮನೆಯಲ್ಲಿದ್ದರೆ ಪಾಳಿಯಲ್ಲಿರುವವನ ಕೈ ಅಷ್ಟು ನಡುಗುವುದಿಲ್ಲ. ಜಪಾನಿನಲ್ಲಿ ಇಂಥ ಮೀಟರುಗಳು ಮನೆಮನೆಯಲ್ಲೂ ಇವೆ, ಮನೆಯವರೇ ಗುಂಡಿ ಒತ್ತಿ ಅವನ್ನು ಮತ್ತೆ ತೆರೆಯಬಹುದು.

ನಮ್ಮ ಮೇಜಿನ ಮೇಲೆ ಈಗ ಒಂದೇ ಹಾಳೆಯಿದೆ: ಯಾವ ಸಂವೇದಕ ಎಷ್ಟು ದಾಟಿದರೆ ಯಾವ ವಾಲ್ವ್, ಯಾರ ಅನುಮತಿಯೂ ಬೇಡ. ಆ ಮೂರು ಬ್ಲಾಕುಗಳ ನಡುವೆ ಎರಡು ಹೊಸ ವಾಲ್ವುಗಳನ್ನು ಕೂರಿಸಿದ್ದೇವೆ. ನೆಲದಡಿಯ ವಾಲ್ವ್ ಬಳಸದಿದ್ದರೆ ಬಿಗಿದುಕೊಳ್ಳುವುದರಿಂದ, ವರ್ಷಕ್ಕೆ ಎರಡು ಸಲ ಮುಚ್ಚಳ ತೆಗೆದು ಅವನ್ನು ತಿರುಗಿಸಿ ನೋಡುತ್ತೇವೆ.