ಫೌಲ್‌ಗಿಂತ ಮೊದಲು ಮೈದಾನ ನೋಡಿ

ಕಾರವಾರದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ರೆಫ್ರಿಯಾಗಿ ನಿಂತವರಿಗೆಲ್ಲ ಒಂದು ಕೂಗು ಚೆನ್ನಾಗಿ ಗೊತ್ತು. "ಸರ್, ಲಾಸ್ಟ್ ಮ್ಯಾನ್! ರೆಡ್ ಕೊಡಿ ಸರ್!" ಫೌಲ್ ಮಾಡಿದವನು ಕೊನೆಯ ಡಿಫೆಂಡರ್, ಕೆಂಪು ಕಾರ್ಡ್ ತೋರಿಸಿ ಆಟದಿಂದ ಹೊರಗೆ ಕಳಿಸಿ ಅಂತ ಅದರ ಅರ್ಥ. ಫಾರ್ವರ್ಡ್ ಬಿದ್ದ ಕೂಡಲೇ ಅವನ ತಂಡದವರೆಲ್ಲ ಓಡಿ ಬಂದು ಸುತ್ತ ನಿಲ್ಲುತ್ತಾರೆ. ಹೊರಗೆ ಕೂತವರೂ ಅದನ್ನೇ ಕೂಗುತ್ತಾರೆ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಶಾಲೆಗಳ ಪಂದ್ಯ ಇರಲಿ, ಭಾನುವಾರದ ಟೂರ್ನಮೆಂಟ್ ಇರಲಿ, ಸೀಟಿ ಹಿಡಿದು ಮೈದಾನಕ್ಕಿಳಿಯುತ್ತೇನೆ. ಈಗೀಗ ಹೊಸ ಹುಡುಗರಿಗೂ ಈ ಕೆಲಸ ಹೇಳಿಕೊಡುತ್ತಿದ್ದೇನೆ. ಅವರಿಗೆ ಮೊದಲು ಹೇಳುವುದು ಇದೇ: ಕೊನೆಯ ಡಿಫೆಂಡರ್ ಯಾರು ಅಂತ ನಿಯಮ ಕೇಳುವುದೇ ಇಲ್ಲ.

ನಿಯಮ ಕೇಳುವುದು ಬೇರೆ. ಆ ಫೌಲ್ ಆಗದೇ ಇದ್ದಿದ್ದರೆ ಗೋಲ್ ಹೊಡೆಯಲು ಸ್ಪಷ್ಟ ಅವಕಾಶ ಇತ್ತಾ? ಇದನ್ನು ತೀರ್ಮಾನಿಸಲು ಫೌಲ್‌ಗಳ ಬಗೆಗಿನ 12ನೇ ನಿಯಮ ನಾಲ್ಕು ಸಂಗತಿ ನೋಡು ಅನ್ನುತ್ತದೆ. ಫೌಲ್ ಆದ ಜಾಗದಿಂದ ಗೋಲ್ ಎಷ್ಟು ದೂರ ಇತ್ತು, ಆಟ ಯಾವ ದಿಕ್ಕಿಗೆ ಸಾಗುತ್ತಿತ್ತು, ಚೆಂಡು ಆ ಆಟಗಾರನ ಹತೋಟಿಗೆ ಸಿಗುತ್ತಿತ್ತಾ, ಡಿಫೆಂಡರುಗಳು ಎಷ್ಟು ಜನ, ಎಲ್ಲೆಲ್ಲಿ ಇದ್ದರು. ಫಾರ್ವರ್ಡ್ ಚೆಂಡು ತಗೊಂಡು ಕಾರ್ನರ್ ಬಾವುಟದ ಕಡೆ ಓಡುತ್ತಿದ್ದಾಗ ಎಳೆದು ಬೀಳಿಸಿದವನು ಲಾಸ್ಟ್ ಮ್ಯಾನ್ ಆಗಿದ್ದರೂ ಅದು ಹಳದಿ ಕಾರ್ಡಿನ, ಅಂದರೆ ಎಚ್ಚರಿಕೆಯ ಮಾತು, ಒಳ್ಳೆಯ ದಾಳಿ ತಡೆದಿದ್ದಕ್ಕೆ. ಅದೇ ಇನ್ನೊಬ್ಬ ಡಿಫೆಂಡರ್ ಮುಂದೆ ಇದ್ದಾನೆ, ಆದರೆ ಆಚೆ ಗೆರೆಯ ಹತ್ತಿರ, ಎಷ್ಟು ಓಡಿದರೂ ತಲುಪಲಾರ ಅಂದರೆ ಕೆಂಪು ಕಾರ್ಡ್ ಕೊಡಲೇಬೇಕಾಗಬಹುದು.

ಕಷ್ಟ ಎಲ್ಲಿದೆ ಗೊತ್ತಾ? ಈ ನಾಲ್ಕೂ ಫೌಲ್ ಆಗುವ ಹೊತ್ತಿನ ಸಂಗತಿಗಳು. ಸೀಟಿ ಊದಿದ ಮೇಲೆ ಮೈದಾನ ಬದಲಾಗಿಬಿಡುತ್ತದೆ. ದೂರ ಇದ್ದ ಡಿಫೆಂಡರುಗಳು ಓಡಿ ಬಂದಿರುತ್ತಾರೆ, ಗೋಲಿ (ಗೋಲ್‌ಕೀಪರ್) ಮುಂದೆ ಬಂದಿರುತ್ತಾನೆ, ಚೆಂಡನ್ನು ಯಾರೋ ಒದ್ದಿರುತ್ತಾರೆ. ಆಮೇಲೆ ತಲೆ ಎತ್ತಿ ನೋಡಿದರೆ ಗೋಲ್ ಮುಂದೆ ನಾಲ್ಕು ಜನ ಕಾಣುತ್ತಾರೆ, ಕೆಂಪು ಕಾರ್ಡ್ ಅತಿಯಾಯಿತು ಅನ್ನಿಸುತ್ತದೆ. ಟಿವಿ ಪಂದ್ಯಗಳ ಹಾಗೆ ವಿಡಿಯೋ ನೋಡಿ ಹೇಳುವವರು ನಮಗಿಲ್ಲ. ಹಾಗಾಗಿ ಚಿತ್ರ ಮೊದಲೇ ತಲೆಯಲ್ಲಿ ಕೂತಿರಬೇಕು.

ಅದಕ್ಕೆ ಹುಡುಗರಿಗೆ ಒಂದು ಅಭ್ಯಾಸ ಮಾಡಿಸುತ್ತೇನೆ. ಉದ್ದನೆಯ ಪಾಸ್ ಗಾಳಿಗೆ ಹೋದಾಗ ಚೆಂಡನ್ನು ನೋಡಬೇಡಿ. ಗಾಳಿಯಲ್ಲಿರುವ ಚೆಂಡಿಗೆ ಯಾರೂ ಫೌಲ್ ಮಾಡುವುದಿಲ್ಲ. ಅದು ಬೀಳುವ ಜಾಗ ನೋಡಿ. ಅಲ್ಲಿಗೆ ಯಾರು ಓಡುತ್ತಿದ್ದಾರೆ, ಗೋಲಿ ಎಲ್ಲಿದ್ದಾನೆ, ಆಚೆ ಕಡೆಯ ಡಿಫೆಂಡರ್ ಎಷ್ಟು ಹಿಂದೆ ಇದ್ದಾನೆ, ಅಷ್ಟನ್ನು ಒಂದು ನೋಟದಲ್ಲಿ ಹಿಡಿಯಿರಿ. ಮೊದಮೊದಲು ಕಣ್ಣು ತಾನಾಗಿ ಚೆಂಡಿನ ಹಿಂದೆಯೇ ಹೋಗುತ್ತದೆ. ಸ್ವಲ್ಪ ದಿನ ಹಟ ಹಿಡಿದು ಮಾಡಿದರೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಬೇಕು, ನೆಲ. ಮಳೆಗಾಲದಲ್ಲಿ ಮಾಲಾದೇವಿ ಮೈದಾನದಲ್ಲಿ ಆದ ಒಂದು ಪಂದ್ಯ ಹೇಳುತ್ತೇನೆ. ಫಾರ್ವರ್ಡ್ ಡಿಫೆಂಡರನ್ನು ದಾಟಿ ಚೆಂಡನ್ನು ಜೋರಾಗಿ ಮುಂದೆ ತಳ್ಳಿದ. ಡಿಫೆಂಡರ್ ಹಿಂದಿನಿಂದ ಜೆರ್ಸಿ ಹಿಡಿದು ಎಳೆದ. ಗೋಲ್ ಮುಂದಿನ ಪೆನಾಲ್ಟಿ ಬಾಕ್ಸಿನ ಹೊರಗೇ, ಗೋಲ್‌ಗೆ ನೇರ ಎದುರಿಗೆ. ಡಿಫೆಂಡರ್ ವಾದಕ್ಕೆ ನಿಂತ: "ಚೆಂಡು ಅವನ ಹತ್ತಿರ ಇರಲೇ ಇಲ್ಲ ಸರ್, ಗೋಲಿಗೇ ಸಿಗ್ತಿತ್ತು." ಬೇಸಿಗೆಯ ಗಟ್ಟಿ ನೆಲದಲ್ಲಿ ಅವನ ಮಾತು ಸರಿ ಇರುತ್ತಿತ್ತು, ಚೆಂಡು ಪುಟಿದು ಸೀದಾ ಗೋಲಿ ಕೈ ಸೇರುತ್ತಿತ್ತು. ಆದರೆ ಅವತ್ತು ಮುಂದೆ ನೀರು ನಿಂತಿತ್ತು. ಚೆಂಡು ಅದರೊಳಗೆ ಬಿದ್ದು ಅಲ್ಲೇ ನಿಂತುಬಿಟ್ಟಿತು. ಗೋಲಿ ಇನ್ನೂ ಗೆರೆಯ ಮೇಲೇ ಇದ್ದ, ಫಾರ್ವರ್ಡ್‌ಗೆ ಎರಡು ಹೆಜ್ಜೆ ಸಾಕಿತ್ತು. ಕೆಂಪು ಕಾರ್ಡ್ ತೆಗೆದೆ. ಚೆಂಡು ಹತೋಟಿಗೆ ಸಿಗುತ್ತಿತ್ತಾ ಅನ್ನುವುದಕ್ಕೆ ಉತ್ತರ ಆ ನೀರಿನಲ್ಲಿತ್ತು. ಪಂದ್ಯ ಶುರುವಾಗುವ ಮೊದಲು ಮೈದಾನ ಒಂದು ಸುತ್ತು ನಡೆದು ಎಲ್ಲೆಲ್ಲಿ ನೀರು ನಿಂತಿದೆ ಅಂತ ನೋಡಿಕೊಳ್ಳುವುದು ಇದಕ್ಕೇ.

ಬಾಕ್ಸಿನ ಒಳಗೆ ಲೆಕ್ಕ ಬೇರೆ. 2016ಕ್ಕೆ ಮೊದಲು ಒಳಗೆ ಇಂಥ ಫೌಲ್ ಆದರೆ ಪೆನಾಲ್ಟಿ, ಕೆಂಪು ಕಾರ್ಡ್, ಮೇಲೆ ಮುಂದಿನ ಪಂದ್ಯಕ್ಕೂ ನಿಷೇಧ, ಮೂರು ಶಿಕ್ಷೆ ಒಟ್ಟಿಗೆ. ಆ ವರ್ಷ ಅದನ್ನು ಸಡಿಲ ಮಾಡಿದರು. ಡಿಫೆಂಡರ್ ನಿಜವಾಗಿ ಚೆಂಡಿಗೇ ಕಾಲು ಹಾಕಲು ಹೋಗಿ ತಪ್ಪಿದರೆ ಪೆನಾಲ್ಟಿ ಜೊತೆ ಹಳದಿ ಸಾಕು. ಜೆರ್ಸಿ ಎಳೆದರೆ, ತಳ್ಳಿದರೆ, ಹಿಡಿದುಕೊಂಡರೆ ಕೆಂಪು ಹಾಗೆಯೇ ಉಳಿಯಿತು. ನನಗೆ ಇದು ನ್ಯಾಯ ಅನ್ನಿಸುತ್ತದೆ. ಪೆನಾಲ್ಟಿ ಕೊಟ್ಟ ಮೇಲೆ ಕಳೆದುಹೋದ ಅವಕಾಶ ವಾಪಸ್ ಬಂದ ಹಾಗೆ ಅಲ್ವಾ? ಆದರೆ ಈ ಸಡಿಲಿಕೆ ಪೆನಾಲ್ಟಿ ಕೊಟ್ಟಾಗ ಮಾತ್ರ. ಬಾಕ್ಸಿನ ಹೊರಗೆ ಚೆಂಡಿಗೇ ಹೋಗಿ ತಪ್ಪಿದ್ದರೂ ಸ್ಪಷ್ಟ ಅವಕಾಶ ಹಾಳಾಗಿದ್ದರೆ ಕೆಂಪೇ. ಆದ್ದರಿಂದ ಫೌಲ್ ಆದದ್ದು ಬಾಕ್ಸಿನ ಗೆರೆಯ ಒಳಗೋ ಹೊರಗೋ ಅನ್ನುವುದನ್ನು ಸುಮ್ನೆ ಅಂದಾಜಿನಲ್ಲಿ ಹೇಳಬಾರದು.

ಗೋಲ್‌ನೊಳಗೆ ಹೋಗುವ ಚೆಂಡನ್ನು ಬೇಕಂತಲೇ ಕೈಯಲ್ಲಿ ತಡೆದರೂ ಕೆಂಪು. 2010ರ ವಿಶ್ವಕಪ್‌ನಲ್ಲಿ ಘಾನಾ ವಿರುದ್ಧ ಉರುಗ್ವೆಯ ಸುವಾರೆಸ್ ಗೆರೆಯ ಮೇಲೆ ನಿಂತು ಹಾಗೆ ತಡೆದದ್ದು ಹಲವರಿಗೆ ನೆನಪಿರಬಹುದು. ರೆಫ್ರಿ ಕೆಂಪು ಕಾರ್ಡ್ ಕೊಟ್ಟರು, ಪೆನಾಲ್ಟಿಯೂ ಕೊಟ್ಟರು. ಘಾನಾ ಅದನ್ನು ಗೋಲ್ ಮಾಡಲಿಲ್ಲ, ಕೊನೆಗೆ ಶೂಟೌಟ್‌ನಲ್ಲಿ ಸೋತಿತು. ಅಂದಿನ ಸಂಕಟ ದೊಡ್ಡದು, ಆದರೆ ರೆಫ್ರಿ ಮಾಡಬೇಕಾದದ್ದನ್ನೆಲ್ಲ ಮಾಡಿದ್ದರು.

ಇನ್ನು ಸೀಟಿ. ಅವಸರ ಮಾಡಬೇಡಿ. 2006ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಆರ್ಸೆನಲ್‌ನ ಗೋಲಿ ಲೇಮನ್, ಬಾರ್ಸಿಲೋನಾದ ಎಟೊ ಅವರನ್ನು ಬಾಕ್ಸಿನ ಹೊರಗೆ ಬೀಳಿಸಿದರು. ಚೆಂಡು ಬಾರ್ಸಿಲೋನಾದವರೇ ಆದ ಜೂಲಿಗೆ ಸಿಕ್ಕಿ ಅವರು ಗೋಲಿನೊಳಗೆ ಹೊಡೆದೂ ಬಿಟ್ಟರು, ಆದರೆ ಸೀಟಿ ಆಗಲೇ ಊದಿ ಆಗಿತ್ತು. ಗೋಲ್ ಇಲ್ಲ, ಗೋಲಿಗೆ ಕೆಂಪು, ಬಾರ್ಸಿಲೋನಾಕ್ಕೆ ಫ್ರೀ ಕಿಕ್. ಒಂದು ಕ್ಷಣ ಕಾದಿದ್ದರೆ ಅಡ್ವಾಂಟೇಜ್ ಕೊಡಬಹುದಿತ್ತು, ಅಂದರೆ ಫೌಲ್ ಆದರೂ ಆಟ ನಿಲ್ಲಿಸದೆ ಬಿಡಬಹುದಿತ್ತು. ಈಗಿನ ನಿಯಮದಲ್ಲಿ ಅಡ್ವಾಂಟೇಜ್ ಕೊಟ್ಟರೆ ಇಂಥ ಫೌಲ್ ಮಾಡಿದವನಿಗೆ ಕೆಂಪು ಇಲ್ಲ. ದಾಳಿ ಮಾಡಿದ ತಂಡಕ್ಕೆ ಗೋಲ್ ಸಿಗುತ್ತದೆ, ಬೀಳಿಸಿದ ತಂಡವೂ ಪೂರ್ತಿ ಹನ್ನೊಂದು ಜನರಲ್ಲಿ ಆಡುತ್ತದೆ. ಸೀಟಿ ಬಾಯಲ್ಲಿ ಕಚ್ಚಿಕೊಂಡು ಓಡಬೇಡಿ ಅನ್ನುವುದು ಇದಕ್ಕೇ. ಕೈಯಲ್ಲಿ ಇದ್ದರೆ ಬಾಯಿಗೆ ತರುವಷ್ಟು ಹೊತ್ತು ಯೋಚನೆಗೆ ಸಿಗುತ್ತದೆ.

ಗೆರೆಯ ಪಕ್ಕ ಬಾವುಟ ಹಿಡಿದು ಓಡುವ ಲೈನ್ಸ್‌ಮನ್ ಇದ್ದರೆ ಪಂದ್ಯಕ್ಕೆ ಮೊದಲೇ ಕೆಲಸ ಹಂಚಿಕೊಳ್ಳಿ. ನಮ್ಮಲ್ಲಿ ಕಿವಿಗೆ ಹಾಕುವ ರೇಡಿಯೋ ಇಲ್ಲ, ಅದಕ್ಕೆ ಕೈಸನ್ನೆ. ನಾನು ಫೌಲ್ ಆಗುವ ಜಾಗ ನೋಡುತ್ತಿರುವಾಗ ಅವನ ಕಣ್ಣು ಎರಡನೇ ಡಿಫೆಂಡರ್ ಮೇಲೆ ಇರಬೇಕು. ಸೀಟಿ ಊದಿ ನಾನು ಅವನತ್ತ ತಿರುಗಿದಾಗ ಅವನ ಕೈ ಎದೆಯ ಮೇಲಿದ್ದರೆ ಹಳದಿ, ಚಡ್ಡಿಯ ಹಿಂಜೇಬಿನ ಮೇಲಿದ್ದರೆ ಕೆಂಪು ಅಂತ ನಾವು ಮಾತಾಡಿಕೊಂಡಿರುತ್ತೇವೆ. ಅಷ್ಟರಲ್ಲಿ ಆಟಗಾರರು ನನ್ನ ಸುತ್ತ ಸೇರಿರುತ್ತಾರೆ. ಅವರ ತಲೆಗಳ ಮೇಲಿಂದ ಅವನು ಕಾಣುವ ಹಾಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಿ, ಕಾರ್ಡ್ ಆಮೇಲೆ ತೆಗೆಯಿರಿ.