ನೀರಿನ ಮೇಲಿನ ಐಸು

ನಿನ್ನೆ ರಾತ್ರಿ 1968ರ 'ದಿ ಲಯನ್ ಇನ್ ವಿಂಟರ್' ಸಿನಿಮಾ ಮತ್ತೆ ನೋಡ್ದೆ.
ಜೊತೆಗಿದ್ದ ಫ್ರೆಂಡು ಅರ್ಧಕ್ಕೇ "ಯುದ್ಧಾನೇ ಇಲ್ವಲ್ಲೋ, 'ಬೆನ್-ಹರ್' ಮುಂದೆ ಇದೇನು" ಅಂದ.
ಸರಿ, 1959ರ ಆ ಸಿನಿಮಾದ ರಥದ ಓಟ ಅಂದ್ರೆ ನಂಗೂ ಪ್ರಾಣ, 11 ಆಸ್ಕರ್ ಸುಮ್ನೆ ಬರ್ಲಿಲ್ಲ.
ಆದ್ರೆ ಇಲ್ಲಿ 1183ರ ಕ್ರಿಸ್ಮಸ್, ಇಂಗ್ಲೆಂಡಿನ ಎರಡನೇ ಹೆನ್ರಿ ಬೆಳಿಗ್ಗೆ ಎದ್ದು ಮುಖ ತೊಳ್ಯೋಕೆ ಹೋದ್ರೆ ನೀರಿನ ಮೇಲೆ ಐಸು ಕಟ್ಟಿದೆ, ಅದನ್ನ ಒಡೆದು ಅದೇ ನೀರನ್ನ ಮುಖಕ್ಕೆ ಹಾಕ್ಕೋತಾನೆ, ಅಷ್ಟು ದೊಡ್ಡ ರಾಜ! ಆ ಚಳಿ ಸಾವಿರ ಕುದುರೆ ಓಡಿಸಿದ್ರೂ ಸಿಗಲ್ಲ.
ಗಂಡ, ಹೆಂಡ್ತಿ, ಮೂರು ಮಕ್ಕಳು, ಪಟ್ಟ ಯಾರಿಗೆ ಅಂತ ಒಂದೇ ಕೋಟೆಯೊಳಗೆ ಮಾತಲ್ಲೇ ಕಡಿದಾಡ್ತಾರೆ.
ಅಂಥದ್ದನ್ನ ಸೈನಿಕರ ತಲೆ ಎಣಿಸಿ ಅಳೆಯೋದು ಅನ್ಯಾಯ ಕಣ್ರೋ.
ಇವತ್ತು ಬೆಳಿಗ್ಗೆ ಮುಖ ತೊಳೀವಾಗ್ಲೂ ಅದೇ ಸೀನ್ ಕಣ್ಮುಂದೆ.